ಪವನಿನ ಕುದುರೆ, ಬ್ಯಾಂಕಿನ ಹುಲಿ, ಬಾರಕೂರಿನ ಮೀನು

(ಉಡುಪಿಯಲ್ಲಿ ನಾಣ್ಯಾಸಕ್ತರು ಸೇರಿದ್ದ ಒಂದು ಭಾನುವಾರ ಬೆಳಗ್ಗೆ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತುಸು ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಮ್ಮ ಕಡೆ ಚಿನ್ನದ ಲೆಕ್ಕ ಇವತ್ತಿಗೂ ಪವನಿನಲ್ಲೇ ನಡೆಯುತ್ತದೆ. ಮದುವೆ ಮನೆಯಲ್ಲಿ "ಎಷ್ಟು ಪವನು?" ಎಂದೇ ಕೇಳುತ್ತಾರೆ. ಒಂದು ಪವನು ಅಂದರೆ 8 ಗ್ರಾಂ. ಈ ಎಂಟು ಎಲ್ಲಿಂದ ಬಂತು ಅಂತ ಯಾರೂ ಯೋಚನೆ ಮಾಡುವುದಿಲ್ಲ, ಅಲ್ವಾ? ಅದು ಬಂದದ್ದು ಬ್ರಿಟನ್ನಿನ ಸಾವರಿನ್ ಎಂಬ ಚಿನ್ನದ ನಾಣ್ಯದಿಂದ. ಅದರ ತೂಕ 7.98 ಗ್ರಾಂ. ನಾಣ್ಯ ಚಲಾವಣೆಯಿಂದ ಹೋಗಿ ಎಷ್ಟೋ ಕಾಲವಾಯಿತು. ಅದರ ತೂಕ ಮಾತ್ರ ನಮ್ಮ ಬಾಯಲ್ಲಿ ಉಳಿದುಕೊಂಡಿತು.

ನನ್ನ ಅಜ್ಜಿಗೆ ಒಂದು ಪವನಿನ ಸರ ಇತ್ತು. ಮಕ್ಕಳಿಗೆ ಪಾಲಾಗಿ, ಮೊಮ್ಮಕ್ಕಳಿಗೆ ಪಾಲಾಗಿ, ಕೊನೆಗೆ ಅದರ ಒಂದು ಪವನು ನನ್ನ ಕೈಗೆ ಬಂತು. ಇವತ್ತು ತಂದಿದ್ದೇನೆ, ಆಮೇಲೆ ಎಲ್ಲರೂ ನೋಡಬಹುದು. ಮೇಲೆ ಬೆಸುಗೆ ಹಾಕಿದ ಕೊಂಡಿ ಇದೆ. ಒಂದು ಮಗ್ಗುಲಲ್ಲಿ ರಾಜನ ತಲೆ. ಇನ್ನೊಂದು ಮಗ್ಗುಲಲ್ಲಿ ಕುದುರೆ ಮೇಲೆ ಕೂತ ಒಬ್ಬ ಮನುಷ್ಯ, ಕಾಲ ಕೆಳಗೆ ಒಂದು ವಿಕಾರ ಪ್ರಾಣಿ. ಅಜ್ಜಿ ಇದನ್ನು "ಕುದುರೆಯವನ ಪವನು" ಅನ್ನುತ್ತಿದ್ದರು. ಅವರಿಗೆ ಆತ ಯಾರೆಂದು ಗೊತ್ತಿರಲಿಲ್ಲ. ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ. ಕುದುರೆ ಇದ್ದರೆ ಪವನು ಸಾಚಾ, ಅಷ್ಟೇ.

ಆತ ಸಂತ ಜಾರ್ಜ್. ಆ ಪ್ರಾಣಿ ಡ್ರ್ಯಾಗನ್. ಚಿತ್ರ ಕೆತ್ತಿದವರು ಬೆನೆಡೆಟ್ಟೊ ಪಿಸ್ಟ್ರುಚಿ, ರೋಮಿನಿಂದ ಲಂಡನ್ನಿಗೆ ಹೋದ ರತ್ನ ಕೆತ್ತುವ ಕುಶಲಿ. ವರ್ಷ 1817. ಕ್ರೈಸ್ತ ಸಂತನನ್ನು ಅವರು ಗ್ರೀಕ್ ವೀರನ ಹಾಗೆ ಕೆತ್ತಿದರು: ಹೆಚ್ಚುಕಮ್ಮಿ ಬರಿಮೈ, ತಲೆಗೆ ಶಿರಸ್ತ್ರಾಣ, ಹೆಗಲಿನಿಂದ ಹಿಂದಕ್ಕೆ ಹಾರುವ ಬಟ್ಟೆ. ಅಂದರೆ 1817ರಲ್ಲೇ ಅದು ಎರಡು ಸಾವಿರ ವರ್ಷ ಹಳೆಯ ಶೈಲಿಯನ್ನು ಹೊಸದಾಗಿ ಬರೆದ ಚಿತ್ರ. ನನ್ನ ಇವತ್ತಿನ ಮಾತು ಇದರ ಬಗ್ಗೆಯೇ. ಹಳೆಯ ಚಿತ್ರವೊಂದು ಹೊಸ ನಾಣ್ಯಕ್ಕೆ ಬಂದಾಗ ಏನಾಗುತ್ತದೆ? ಏನು ಉಳಿಯುತ್ತದೆ, ಏನು ಬದಲಾಗುತ್ತದೆ? ನನ್ನ ಮಟ್ಟಿಗೆ ನೋಡಬೇಕಾದದ್ದು ಆ ಬದಲಾವಣೆಯನ್ನೇ. ಎರಡು ನಾಣ್ಯ ಪಕ್ಕಪಕ್ಕ ಇಟ್ಟು, ಎಲ್ಲಿ ಕೈ ಬದಲಾಯಿತು ಅಂತ ಹುಡುಕುವುದು. ಇಡೀ ಕತೆ ಅಲ್ಲಿ ಸಿಗುತ್ತದೆ.

ಈ ಕುದುರೆಯನ್ನೇ ಸ್ವಲ್ಪ ಹಿಂಬಾಲಿಸೋಣ. 1817ರ ಮೊದಲ ಸಾವರಿನ್ನಿನಲ್ಲಿ ಜಾರ್ಜ್ ಕೈಯಲ್ಲಿ ಇದ್ದದ್ದು ಮುರಿದ ಈಟಿ. ಸುತ್ತ ಒಂದು ಪಟ್ಟಿ, ಅದರ ಮೇಲೆ ಬರಹ. ಕೆಲವೇ ವರ್ಷದಲ್ಲಿ ಪಟ್ಟಿ ಹೋಯಿತು, ಈಟಿಯ ಜಾಗಕ್ಕೆ ಖಡ್ಗ ಬಂತು. ಅಜ್ಜಿಯ ಪವನಿನಲ್ಲಿ ಇರುವುದು ಖಡ್ಗ. 2017ರಲ್ಲಿ ಆ ನಾಣ್ಯಕ್ಕೆ 200 ವರ್ಷ ತುಂಬಿತು. ಬ್ರಿಟನ್ನಿನ ಟಂಕಸಾಲೆಯಾದ ರಾಯಲ್ ಮಿಂಟ್ ಮೊದಲಿನ ಪಟ್ಟಿಯನ್ನೂ ಮುರಿದ ಈಟಿಯನ್ನೂ ವಾಪಸು ತಂದು ಸ್ಮರಣಾರ್ಥ ನಾಣ್ಯ ಮಾಡಿತು. ಮರೆತುಹೋಗಿದ್ದ ಮೂಲಪಾಠವನ್ನು ಓದಿಸಿದ ಹಾಗೆ.

ಮಧ್ಯದಲ್ಲಿ ಬೇರೆ ಪ್ರಯತ್ನಗಳೂ ಆದವು. 2005ರಲ್ಲಿ ತಿಮೊಥಿ ನೋಡ್ ಹೊಸ ಜಾರ್ಜನನ್ನು ಬರೆದರು. 2012ರಲ್ಲಿ ಶಿಲ್ಪಿ ಪಾಲ್ ಡೇ ಇನ್ನೊಬ್ಬನನ್ನು. ಎರಡೂ ಸಲ ಮರುವರ್ಷವೇ ಪಿಸ್ಟ್ರುಚಿಯ ಕುದುರೆ ಮರಳಿ ಬಂತು. ಹೊಸಬರು ಸೋತರು ಅಂತ ನಾನು ಹೇಳುವುದಿಲ್ಲ. ಅವರ ಕೆಲಸ ನೋಡಿದ ಮೇಲೆ ಹಳೆಯದರಲ್ಲಿ ಕುದುರೆಯ ಕತ್ತು ಎಷ್ಟು ಚೆನ್ನಾಗಿ ತಿರುಗಿದೆ ಅನ್ನುವುದು ನನಗೆ ಮೊದಲ ಸಲ ಕಂಡಿತು.

ನನಗೆ ತುಂಬಾ ಇಷ್ಟವಾದದ್ದು 1989ರ ಸಾವರಿನ್. ಇಂಗ್ಲೆಂಡಿನಲ್ಲಿ ಸಾವರಿನ್ ಎಂಬ ಹೆಸರಿನ ನಾಣ್ಯ ಮೊದಲು ಬಂದದ್ದು 1489ರಲ್ಲಿ, ಏಳನೇ ಹೆನ್ರಿಯ ಕಾಲದಲ್ಲಿ. ಅದರಲ್ಲಿ ರಾಜ ಸಿಂಹಾಸನದ ಮೇಲೆ ಎದುರು ಮುಖವಾಗಿ ಕೂತಿದ್ದಾನೆ. ಹಿಂಬದಿಯಲ್ಲಿ ದೊಡ್ಡ ಗುಲಾಬಿ, ಮಧ್ಯೆ ಗುರಾಣಿ. 500 ವರ್ಷ ಆದಾಗ ಬರ್ನಾರ್ಡ್ ಸಿಂಡಾಲ್ ಎಂಬ ಶಿಲ್ಪಿ ಅದೇ ಸಿಂಹಾಸನದಲ್ಲಿ ಎರಡನೇ ಎಲಿಜಬೆತ್ ರಾಣಿಯನ್ನು ಕೂರಿಸಿದರು. ಬೇರೆ ನಾಣ್ಯಗಳಲ್ಲಿ ರಾಣಿಯ ಮುಖ ಪಕ್ಕಕ್ಕೆ ತಿರುಗಿರುತ್ತದೆ. ಇದರಲ್ಲಿ ನೇರ ನಮ್ಮನ್ನೇ ನೋಡುತ್ತಾರೆ. ಹಳೆಯ ಮನೆಯ ಹೆಬ್ಬಾಗಿಲು ಹಾಗೇ ಉಂಟು, ಒಳಗೆ ಈಗಿನ ಮನೆಯವರು ಉಂಟು. ಈ ಒಂದೇ ನಾಣ್ಯ ತೋರಿಸಿದರೂ ನನ್ನ ಅರ್ಧ ಮಾತು ಮುಗಿಯುತ್ತದೆ.

ಹಾಂ, ಕುದುರೆಯ ಬಗ್ಗೆ ಇನ್ನೊಂದು ಮಾತು. 1918ರಲ್ಲಿ ಸಾವರಿನ್ ಮುಂಬೈಯ ಟಂಕಸಾಲೆಯಲ್ಲೂ ತಯಾರಾಯಿತು. ಆ ವರ್ಷದ ಮುಂಬೈ ನಾಣ್ಯದಲ್ಲಿ ಕುದುರೆಯ ಕಾಲಡಿ, ನೆಲದ ಗೆರೆಯಲ್ಲಿ ಇಂಗ್ಲಿಷಿನ 'ಐ' ಅಕ್ಷರ ಇರುತ್ತದೆ. ಇಂಡಿಯಾದ 'ಐ'. ಭೂತಕನ್ನಡಿ ಇಲ್ಲದೆ ಕಾಣುವುದು ಕಷ್ಟ. 2013ರಿಂದ ರಾಯಲ್ ಮಿಂಟಿಗಾಗಿ ಎಂಎಂಟಿಸಿ-ಪ್ಯಾಂಪ್ ಸಂಸ್ಥೆ ನಮ್ಮ ದೇಶದಲ್ಲಿ ಮತ್ತೆ ಸಾವರಿನ್ ಮಾಡಿತು. ಅದರಲ್ಲೂ ಅದೇ 'ಐ' ಹಾಕಿದರು. ನಿಮ್ಮ ಮನೆಯಲ್ಲಿ ಹಳೆಯ ಪವನಿನ ಸರ ಇದ್ದರೆ ಇವತ್ತು ರಾತ್ರಿ ಒಮ್ಮೆ ನೋಡಿ.

ಇನ್ನು ಸಮುದ್ರದ ಆಚೆಗೆ ಹೋಗೋಣ. ಹಳೆಯ ಚಿತ್ರಗಳನ್ನು ಮತ್ತೆ ತರುವುದರಲ್ಲಿ ಅಮೆರಿಕದವರು ತುಂಬಾ ಕೆಲಸ ಮಾಡಿದ್ದಾರೆ. ಎಲ್ಲದರ ಬಗ್ಗೆ ಹೇಳಲಿಕ್ಕೆ ಹೋಗುವುದಿಲ್ಲ. ಒಂದನ್ನು ಮಾತ್ರ ನಿಧಾನವಾಗಿ ನೋಡೋಣ.

ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅವರಿಗೆ ತಮ್ಮ ದೇಶದ ನಾಣ್ಯಗಳು ಚಪ್ಪಟೆ, ಸಪ್ಪೆ ಅನ್ನಿಸಿತ್ತು. ಸ್ಮಿತ್‌ಸೋನಿಯನ್ ಸಂಗ್ರಹಾಲಯದಲ್ಲಿ ಹಳೆಯ ಗ್ರೀಕ್ ನಾಣ್ಯಗಳನ್ನು ನೋಡಿದರು. ಗ್ರೀಕ್ ನಾಣ್ಯಗಳಲ್ಲಿ ಚಿತ್ರ ಎದ್ದು ನಿಂತಿರುತ್ತದೆ, ಬೆರಳಿಗೆ ಸಿಗುತ್ತದೆ. ನಮಗೂ ಅಂಥದ್ದು ಬೇಕು ಅಂತ ಶಿಲ್ಪಿ ಅಗಸ್ಟಸ್ ಸೇಂಟ್ ಗೌಡೆನ್ಸ್ ಅವರನ್ನು ಕೇಳಿಕೊಂಡರು. 20 ಡಾಲರಿನ ಚಿನ್ನದ ನಾಣ್ಯ. ಮುಂದೆ ಪಂಜು ಹಿಡಿದು ನಡೆದು ಬರುವ ಹೆಣ್ಣು, ಆಕೆಯೇ ಸ್ವಾತಂತ್ರ್ಯ. ಹಿಂದೆ ಸೂರ್ಯನ ಮೇಲೆ ಹಾರುವ ಹದ್ದು. 1907ರಲ್ಲಿ ಮೊದಲ ಮಾದರಿಗಳು ತಯಾರಾದವು. ಉಬ್ಬು ಎಷ್ಟು ಜಾಸ್ತಿ ಇತ್ತೆಂದರೆ, ಒಂದೊಂದು ಬಿಲ್ಲೆಯನ್ನೂ ಮತ್ತೆ ಮತ್ತೆ ಕಾಯಿಸಿ, ಒಂಬತ್ತು ಸಲದವರೆಗೂ ಒತ್ತಬೇಕಾಯಿತು. ಅಂಥವು ಸುಮಾರು 20 ಆದವು, ಅಷ್ಟೇ.

ನಾನು ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ತುಂಬಾ ವರ್ಷ ಕೂತವಳು. ಹಾಗಾಗಿ ಟಂಕಸಾಲೆಯವರ ಕಷ್ಟ ನನಗೆ ತಕ್ಷಣ ಅರ್ಥವಾಗುತ್ತದೆ. ನಾಣ್ಯ ಅಂದರೆ ಒಂದರ ಮೇಲೊಂದು ನಿಲ್ಲಬೇಕು. ಹತ್ತತ್ತರ ಕಂಬ ಮಾಡಿ, ಕಣ್ಣಳತೆಯಲ್ಲೇ ಒಂದು ಕಡಿಮೆ ಇದ್ದರೆ ಗೊತ್ತಾಗಬೇಕು. ಚಿತ್ರ ಅಂಚಿಗಿಂತ ಮೇಲೆ ಎದ್ದರೆ ಕಂಬ ಅಲುಗಾಡುತ್ತದೆ, ಚಿತ್ರವೂ ಬೇಗ ಸವೆಯುತ್ತದೆ. ಮುಖ್ಯ ಕೆತ್ತನೆಗಾರ ಚಾರ್ಲ್ಸ್ ಬಾರ್ಬರ್ ಇದೇ ತಕರಾರು ತೆಗೆದರು. ಸೇಂಟ್ ಗೌಡೆನ್ಸ್ 1907ರ ಆಗಸ್ಟಿನಲ್ಲಿ ತೀರಿಕೊಂಡರು. ಜನರ ಕೈಗೆ ನಾಣ್ಯ ಬಂದದ್ದನ್ನು ಅವರು ನೋಡಲೇ ಇಲ್ಲ. ಉಬ್ಬು ಸ್ವಲ್ಪ ಇಳಿಸಿದ ನಾಣ್ಯಗಳು ಸುಮಾರು 12 ಸಾವಿರ ಬಂದವು. ಆಮೇಲೆ ಇನ್ನೂ ತಗ್ಗಿಸಿ, ಬ್ಯಾಂಕಿನ ಮೇಜಿಗೆ ಹೊಂದುವ ಹಾಗೆ ಮಾಡಿದರು. ಬಾರ್ಬರ್ ಅವರನ್ನು ಖಳನಾಯಕ ಮಾಡಿ ಹೇಳುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಅವರು ಹೇಳಿದ್ದು ನಾಣ್ಯದ ಮಟ್ಟಿಗೆ ಸರಿಯೇ.

ನೂರ ಎರಡು ವರ್ಷ ಬಿಟ್ಟು, 2009ರಲ್ಲಿ, ಅಮೆರಿಕದ ಟಂಕಸಾಲೆ ಆ ಮೊದಲ ಮಾದರಿಯನ್ನೇ ಮತ್ತೆ ತಂದಿತು. 1907ರ ಪ್ಲಾಸ್ಟರ್ ಅಚ್ಚುಗಳನ್ನು ಕಂಪ್ಯೂಟರಿನಲ್ಲಿ ಸ್ಕ್ಯಾನ್ ಮಾಡಿದರು. ಹಳೆಯದು 34 ಮಿ.ಮೀ. ಅಗಲ ಇತ್ತು. ಹೊಸದನ್ನು 27 ಮಿ.ಮೀ.ಗೆ ಇಳಿಸಿ, ದಪ್ಪವನ್ನು 4 ಮಿ.ಮೀ. ಮಾಡಿದರು. ಅಗಲ ಕಡಿಮೆಯಾಗಿ ದಪ್ಪ ಜಾಸ್ತಿಯಾದ್ದರಿಂದ ಆ ಎತ್ತರದ ಉಬ್ಬು ಸಾಧ್ಯವಾಯಿತು. ಹಳೆಯದು 90 ಪಾಲು ಚಿನ್ನ, ಉಳಿದದ್ದು ತಾಮ್ರ. ಹೊಸದು ಅಪ್ಪಟ ಚಿನ್ನ, ಮೆತ್ತಗಿನದು, ಒತ್ತಿದರೆ ಒಪ್ಪುತ್ತದೆ. ಒಂದು ಲಕ್ಷಕ್ಕೂ ಜಾಸ್ತಿ ನಾಣ್ಯ ಮಾರಾಟವಾಯಿತು. ಇಪ್ಪತ್ತು ಮಾಡಲಿಕ್ಕೆ ಬೆವರು ಸುರಿಸಿದ ಕೆಲಸ!

ಈಗ ಎರಡನ್ನೂ ಪಕ್ಕಪಕ್ಕ ಇಡಿ. 1907ರದ್ದರಲ್ಲಿ ನಕ್ಷತ್ರಗಳು 46. ಆಗ ಅಷ್ಟೇ ರಾಜ್ಯಗಳು. 2009ರದ್ದರಲ್ಲಿ 50. ಹಳೆಯದರಲ್ಲಿ 'ದೇವರಲ್ಲಿ ನಮ್ಮ ನಂಬಿಕೆ' ಎಂಬ ಸಾಲು ಇಲ್ಲ. ದೇವರ ಹೆಸರನ್ನು ದುಡ್ಡಿನ ಮೇಲೆ ಹಾಕುವುದು ಸರಿಯಲ್ಲ ಅಂತ ರೂಸ್‌ವೆಲ್ಟ್ ಅವರೇ ಬಿಡಿಸಿದ್ದರು. ಮರುವರ್ಷ ಸಂಸತ್ತು ಅದನ್ನು ಸೇರಿಸಲು ಹೇಳಿತು. ಹೊಸದರಲ್ಲಿ ಆ ಸಾಲು ಇದೆ. ಇಸವಿ ಮಾತ್ರ ಎರಡರಲ್ಲೂ ರೋಮನ್ ಅಂಕಿಯಲ್ಲೇ ಇದೆ. ಗಮನಿಸಿ, ನಡೆದು ಬರುವ ಹೆಣ್ಣು ಹಾಗೇ ಇದ್ದಾಳೆ. ಆಕೆಯ ಸುತ್ತ ದೇಶ ಬದಲಾಗಿದೆ. ಈ ನಾಣ್ಯ ಒಂದರ ಮೇಲೊಂದು ನಿಲ್ಲುತ್ತದೋ ಇಲ್ಲವೋ ಎಂಬ ಪ್ರಶ್ನೆಯೇ ಈಗ ಇಲ್ಲ. ಯಾಕೆಂದರೆ ಇದನ್ನು ಯಾರೂ ಎಣಿಸುವುದಿಲ್ಲ, ಡಬ್ಬಿಯಲ್ಲಿಟ್ಟು ನೋಡುತ್ತಾರೆ. ಬಾರ್ಬರ್ ಅವರ ತಕರಾರು ಬಿದ್ದುಹೋದದ್ದು ನಾಣ್ಯದ ಕೆಲಸವೇ ಬದಲಾದ್ದರಿಂದ.

ಎಲ್ಲ ಮರುಸೃಷ್ಟಿಯೂ ನನಗೆ ಒಪ್ಪಿಗೆ ಅಂತ ತಿಳಿಯಬೇಡಿ. 1916ರ ಅಮೆರಿಕದ ಮೂರು ಬೆಳ್ಳಿ ಚಿಲ್ಲರೆ ನಾಣ್ಯಗಳನ್ನು 2016ರಲ್ಲಿ ಚಿನ್ನದಲ್ಲಿ ತಂದರು. ನೋಡಲಿಕ್ಕೆ ಸುಂದರವೇ. ಆದರೆ ಹತ್ತು ಸೆಂಟಿನ ನಾಣ್ಯ ಅಂದರೆ ಅಂಗಡಿಯವನ ಗಲ್ಲಾಪೆಟ್ಟಿಗೆಯಲ್ಲಿ, ಕೂಲಿಯವನ ಜೇಬಿನಲ್ಲಿ ಸದ್ದು ಮಾಡಿದ್ದು. ಅದಕ್ಕೆ ಚಿನ್ನ ಹೊದಿಸಿದರೆ ಅದರ ಜೀವನವನ್ನೇ ಮುಚ್ಚಿದ ಹಾಗೆ ನನಗೆ ಕಾಣುತ್ತದೆ. ಗ್ರೀಸಿನವರು ಬೇರೆ ದಾರಿ ಹಿಡಿದರು. ಅಥೆನ್ಸಿನ ಹಳೆಯ ಗೂಬೆಯ ನಾಣ್ಯ ಗೊತ್ತಲ್ಲ? ಕ್ರಿಸ್ತಪೂರ್ವ ಐದನೇ ಶತಮಾನದ್ದು. ಅದನ್ನು ತಮ್ಮ 1 ಯೂರೋ ನಾಣ್ಯದ ಮೇಲೆ ಹಾಕಿದ್ದಾರೆ. ಅದು ಸ್ಮರಣಾರ್ಥ ನಾಣ್ಯವೇ ಅಲ್ಲ, ದಿನದ ನಾಣ್ಯ. ಕಾಫಿ ಕುಡಿದು ಕೊಡುವ ದುಡ್ಡಿನಲ್ಲಿ ಆ ಗೂಬೆ ಇದೆ. ನನಗೆ ಅದು ಜಾಸ್ತಿ ಹತ್ತಿರ.

ಈಗ ನಮ್ಮ ಊರಿಗೆ ಬರೋಣ.

ಹಳೆಯ ಚಿತ್ರವನ್ನು ಹೊಸ ನಾಣ್ಯದಲ್ಲಿ ತರುವುದು ಇತ್ತೀಚಿನ ಟಂಕಸಾಲೆಗಳ ಉಪಾಯ ಅಂತ ಕೆಲವರು ತಿಳಿದಿದ್ದಾರೆ. ನಮ್ಮ ಕರಾವಳಿಯಲ್ಲಿ ಓಡಾಡಿದ ವರಹವನ್ನು ಒಮ್ಮೆ ನೋಡಿ. ವಿಜಯನಗರದ ಎರಡನೇ ಹರಿಹರ, 14ನೇ ಶತಮಾನದ ಕೊನೆ. ಆತನ ಚಿನ್ನದ ನಾಣ್ಯದಲ್ಲಿ ಶಿವ ಪಾರ್ವತಿ ಜೊತೆಯಾಗಿ ಕೂತಿದ್ದಾರೆ. ಹಿಂದೆ ನಾಗರಿಯಲ್ಲಿ 'ಶ್ರೀ ಪ್ರತಾಪ ಹರಿಹರ'. ಮುಂದೆ ಕೆಳದಿಯ ನಾಯಕರು ಅದೇ ಉಮಾಮಹೇಶ್ವರನನ್ನು ಇಟ್ಟುಕೊಂಡು, ಹಿಂದೆ 'ಶ್ರೀ ಸದಾಶಿವ' ಎಂದು ಬರೆಸಿದರು. ಬಾರಕೂರು, ಮಂಗಳೂರು ಎಲ್ಲ ಆಗ ಅವರ ಕೈಯಲ್ಲಿತ್ತು. ಇಕ್ಕೇರಿ ವರಹ ಅಂತ ಹೆಸರಾದದ್ದು ಇದೇ. 1763ರಲ್ಲಿ ಹೈದರಾಲಿ ಕೆಳದಿಯವರ ರಾಜಧಾನಿ ಬಿದನೂರನ್ನು ಗೆದ್ದ. ಆತ ಮಾಡಿಸಿದ ಹೊನ್ನಿನಲ್ಲಿ ಏನಿತ್ತು? ಒಂದು ಮಗ್ಗುಲಲ್ಲಿ ಅದೇ ಶಿವ ಪಾರ್ವತಿ. ಇನ್ನೊಂದು ಮಗ್ಗುಲಲ್ಲಿ ಹೈದರನ ಹೆಸರಿನ ಮೊದಲ ಪಾರಸಿ ಅಕ್ಷರ, ಒಂದೇ ಒಂದು. ಟಿಪ್ಪು ಚಿನ್ನದ ನಾಣ್ಯದಿಂದ ಆ ಚಿತ್ರ ತೆಗೆದು ಪಾರಸಿ ಬರಹ ಹಾಕಿಸಿದ, ತಾಮ್ರದ ಕಾಸಿನಲ್ಲಿ ಆನೆ ಇಟ್ಟ. 1799ರ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ವರಹದಲ್ಲಿ ಶಿವ ಪಾರ್ವತಿ ಮತ್ತೆ ಬಂದು ಕೂತರು. ಹಿಂದೆ 'ಶ್ರೀ ಕೃಷ್ಣರಾಜ'.

ನಾಲ್ಕು ನೂರು ವರ್ಷ, ನಾಲ್ಕು ಆಳ್ವಿಕೆ, ಒಂದೇ ಚಿತ್ರ. ಮೂರೂವರೆ ಗ್ರಾಂ ತೂಗುವ ಚಿಕ್ಕ ಚಿನ್ನದ ತುಂಡಿನಲ್ಲಿ! ರಾಜ ಬದಲಾದರೂ ಬಂದರಿನ ವ್ಯಾಪಾರಿಯ ಕೈಗೆ ಪರಿಚಯದ ನಾಣ್ಯ ಬೇಕು. ನಮ್ಮ ಅಜ್ಜಿಗೆ ಕುದುರೆ ಹೇಗೋ, ಅವನಿಗೆ ಶಿವ ಪಾರ್ವತಿ ಹಾಗೆ. ಅಂದು ಹಳೆಯ ಚಿತ್ರ ಇಟ್ಟದ್ದು ಹೊಸ ನಾಣ್ಯವನ್ನು ಜನ ತಗೊಳ್ಳಲಿ ಅಂತ. ಹೈದರನ ಆ ಒಂದೇ ಅಕ್ಷರ ನನಗೆ ತುಂಬಾ ಮಾತಾಡುತ್ತದೆ. ಆಡಳಿತ ಬದಲಾಗಿದೆ ಅಂತಲೂ ಹೇಳುತ್ತದೆ, ನಿಮ್ಮ ದುಡ್ಡಿಗೆ ಭಯವಿಲ್ಲ ಅಂತಲೂ ಹೇಳುತ್ತದೆ.

ಕೃಷ್ಣದೇವರಾಯನ ಒಂದು ನಾಣ್ಯದಲ್ಲಿ ಬಾಲಕೃಷ್ಣ ಇದ್ದಾನೆ, ಕೈಯಲ್ಲಿ ಬೆಣ್ಣೆ. ಉದಯಗಿರಿಯಿಂದ ಬಾಲಕೃಷ್ಣನ ವಿಗ್ರಹ ತಂದು ಹಂಪಿಯಲ್ಲಿ ಇಟ್ಟ ನೆನಪಿಗೆ ಅದನ್ನು ಹೊರಡಿಸಿದ ಎಂದು ಅನೇಕ ವಿದ್ವಾಂಸರ ಅಭಿಪ್ರಾಯ. ಹಾಗಿದ್ದರೆ ಅದೂ ಒಂದು ಸ್ಮರಣಾರ್ಥ ನಾಣ್ಯವೇ. ಕಡೆಗೋಲು ಹಿಡಿದ ಬಾಲಕೃಷ್ಣನ ಊರಿನಲ್ಲಿ ಕೂತು ಈ ಮಾತು ಹೇಳುವಾಗ ಖುಷಿಯಾಗುತ್ತದೆ.

ಸ್ವತಂತ್ರ ಭಾರತದ ನಾಣ್ಯದ ಮಾತೂ ಹೀಗೇ. 1950ರ ಆಗಸ್ಟ್ 15ಕ್ಕೆ ಗಣರಾಜ್ಯದ ಮೊದಲ ನಾಣ್ಯಗಳು ಬಂದವು. ರಾಜನ ತಲೆ ಇದ್ದ ಜಾಗಕ್ಕೆ ಸಾರನಾಥದ ಅಶೋಕನ ಸಿಂಹಗಳು ಬಂದವು. ಅಲ್ಲಿಂದ ಇಲ್ಲಿಯವರೆಗೆ ನಮ್ಮ ಕೈಗೆ ಬರುವ ಪ್ರತಿ ರೂಪಾಯಿಯೂ ಎರಡು ಸಾವಿರ ವರ್ಷಕ್ಕೂ ಹಳೆಯ ಶಿಲ್ಪದ ಮರುರೂಪ. ದಿನಾ ನೋಡಿ ನೋಡಿ ಅದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಹುಲಿಯ ಕತೆ ಇದಕ್ಕಿಂತ ಸ್ವಾರಸ್ಯ. 1835ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಎರಡು ಮೊಹರಿನ ಚಿನ್ನದ ನಾಣ್ಯ ಮಾಡಿಸಿತು. ಅದರ ಹಿಂಬದಿಯಲ್ಲಿ ಒಂದು ಸಿಂಹ, ಹಿಂದೆ ಒಂದು ತಾಳೆಮರ. ನೂರು ವರ್ಷದ ಮೇಲೆ, 1935ರಲ್ಲಿ, ರಿಸರ್ವ್ ಬ್ಯಾಂಕ್ ಶುರುವಾಗುವಾಗ ಅದಕ್ಕೊಂದು ಮುದ್ರೆ ಬೇಕಾಯಿತು. ಈ ಮೊಹರಿನ ಚಿತ್ರವನ್ನೇ ಆರಿಸಿಕೊಂಡರು. ಆದರೆ ಸಿಂಹ ಬೇಡ, ಹುಲಿ ಇರಲಿ, ಹುಲಿಯೇ ಭಾರತಕ್ಕೆ ಹೆಚ್ಚು ಹೊಂದುತ್ತದೆ ಅಂದರು. ಮೊದಲ ಚಿತ್ರವನ್ನು ಮದ್ರಾಸಿನ ಒಂದು ಸಂಸ್ಥೆ ಬರೆದುಕೊಟ್ಟಿತು. ಬ್ಯಾಂಕಿನ ಮಂಡಳಿ 1935ರ ಫೆಬ್ರುವರಿ 23ರ ಸಭೆಯಲ್ಲಿ ಒಪ್ಪಿಕೊಂಡಿತು, ಜೊತೆಗೇ ಪ್ರಾಣಿಯ ರೂಪ ಇನ್ನೂ ಚೆನ್ನಾಗಬೇಕು ಅಂತಲೂ ಹೇಳಿತು. ಡೆಪ್ಯುಟಿ ಗವರ್ನರ್ ಆಗಿದ್ದ ಸರ್ ಜೇಮ್ಸ್ ಟೇಲರ್ ಇದನ್ನು ಬಿಡಲಿಲ್ಲ. ಕಲ್ಕತ್ತೆಯ ಬೆಲ್ವೆಡಿಯರ್ ಬಂಗಲೆಯ ಗೇಟಿನ ಮೇಲಿದ್ದ ಹುಲಿ ಶಿಲ್ಪದ ಫೋಟೋ ತೆಗೆಸಿದರು. ಟಂಕಸಾಲೆಯಿಂದ, ನಾಸಿಕದ ಮುದ್ರಣಾಲಯದಿಂದ ಹೊಸ ಚಿತ್ರ ಬರೆಸಿದರು. 1938ರಲ್ಲೂ ಅವರಿಗೆ ಸಮಾಧಾನವಿಲ್ಲ. ಒಬ್ಬರ ಚಿತ್ರದಲ್ಲಿ ಮರ ಸರಿಯಿದೆ, ಹುಲಿ ಯಾವುದೋ ನಾಯಿಯ ಜಾತಿಯ ಹಾಗೆ ಕಾಣುತ್ತದೆ. ಇನ್ನೊಬ್ಬರ ಹುಲಿ ಚೆನ್ನಾಗಿದೆ, ಮರ ಕೆಡಿಸಿಬಿಟ್ಟಿದೆ. ಹೀಗಂತ ಅವರು ಬರೆದ ಪತ್ರ ಬ್ಯಾಂಕಿನ ಇತಿಹಾಸದಲ್ಲಿ ದಾಖಲಾಗಿದೆ.

ಮಾರಾಯ್ರೆ, ಹುಲಿ ಹುಲಿಯ ಹಾಗೆ ಕಾಣಬೇಕು ಅನ್ನುವ ಹಟ ನಮಗೆ ಅರ್ಥವಾಗದೆ ಇನ್ಯಾರಿಗೆ ಅರ್ಥವಾಗಬೇಕು? ಅಷ್ಟಮಿಗೆ, ನವರಾತ್ರಿಗೆ ವೇಷ ಹಾಕುವವರ ಮೈಗೆ ಬಣ್ಣ ಬರೆಯುವಾಗ ಒಂದು ಪಟ್ಟೆ ತಪ್ಪಿದರೂ ನಮ್ಮಲ್ಲಿ ಗುರುತಿಸುವವರಿದ್ದಾರೆ. ಪಟ್ಟೆ ಬರೆದರೆ ಸಾಲದು, ಹೆಗಲಿನಲ್ಲಿ ಹುಲಿ ಬರಬೇಕು. ಟೇಲರ್ ಹುಡುಕುತ್ತಿದ್ದದ್ದೂ ಅದನ್ನೇ ಅಂತ ನನ್ನ ಭಾವನೆ.

ಆ ಹುಲಿ ಆಮೇಲೆ ನಾಣ್ಯಕ್ಕೆ ವಾಪಸು ಬಂತು. 1985ರಲ್ಲಿ ರಿಸರ್ವ್ ಬ್ಯಾಂಕಿಗೆ 50 ವರ್ಷ ಆದಾಗ 50 ಪೈಸೆಯ ನಾಣ್ಯದಲ್ಲಿ. 2010ರಲ್ಲಿ 75 ವರ್ಷ ಆದಾಗ 5 ರೂಪಾಯಿಯಲ್ಲಿ. 2024ರ ಏಪ್ರಿಲ್ 1ರಂದು 90 ವರ್ಷದ ನೆನಪಿಗೆ 90 ರೂಪಾಯಿಯ ಬೆಳ್ಳಿ ನಾಣ್ಯದಲ್ಲಿ, ತೂಕ 40 ಗ್ರಾಂ. ನಾಣ್ಯದಿಂದ ಹೊರಟ ಚಿತ್ರ ಮುದ್ರೆಯಾಗಿ, ನೋಟುಗಳ ಮೇಲೆ ಊರೆಲ್ಲ ತಿರುಗಿ, ಮತ್ತೆ ನಾಣ್ಯಕ್ಕೆ ಬಂತು. ದಾರಿಯಲ್ಲಿ ಸಿಂಹ ಹೋಗಿ ಹುಲಿ ಆಗಿತ್ತು. 2010ರ 5 ರೂಪಾಯಿ ಈಗಲೂ ಚಿಲ್ಲರೆಯಲ್ಲಿ ಸಿಗುತ್ತದೆ. ಕೌಂಟರಿನಲ್ಲಿದ್ದಾಗ ನಾನು ಎಷ್ಟೋ ಮಕ್ಕಳಿಗೆ ಅದನ್ನು ತೋರಿಸಿ ಕೊಟ್ಟಿದ್ದೇನೆ. ಐದು ರೂಪಾಯಿಗೆ 1835ರವರೆಗೆ ಹೋಗಿ ಬರಬಹುದು.

ಒಂದು ಬೇಸರದ ಸಂಗತಿಯನ್ನೂ ಹೇಳಬೇಕು. ಮೈಸೂರಿನ ಮುಮ್ಮಡಿ ಕೃಷ್ಣರಾಜರ ಕಾಲದ ಒಂದು ತಾಮ್ರದ ನಾಣ್ಯ ನನ್ನ ಹತ್ತಿರ ಇತ್ತು. ಅದರ ಮೇಲೆ ಕನ್ನಡದಲ್ಲಿ 'ಮಯಿಲಿ ಕಾಸು 20' ಅಂತ ಬರೆದಿತ್ತು. ಕನ್ನಡ ಅಕ್ಷರ, ಕನ್ನಡದ ಮಾತು. ಅದಕ್ಕೊಂದು ಚೌಕಟ್ಟು ಹಾಕಿಸೋಣ ಅಂತ ಒಂದು ಅಂಗಡಿಗೆ ಕೊಟ್ಟೆ. ಅವರು ಒಳ್ಳೆಯ ಮನಸ್ಸಿನಿಂದಲೇ ಅದನ್ನು ಉಜ್ಜಿ ಉಜ್ಜಿ ಥಳಥಳ ಮಾಡಿ ಕೊಟ್ಟರು. ಇನ್ನೂರು ವರ್ಷದ ಕಪ್ಪು ಹೋಯಿತು, ಅದರ ಜೊತೆ ಅರ್ಧ ಅಕ್ಷರವೂ ಹೋಯಿತು. ಆ ದಿನ ಊಟ ಸೇರಲಿಲ್ಲ. ದಯವಿಟ್ಟು ಹಳೆಯ ನಾಣ್ಯವನ್ನು ತೊಳೆಯಬೇಡಿ. ಹುಣಸೆಹುಳಿ ಬೇಡ, ಪೇಸ್ಟ್ ಬೇಡ, ಏನೂ ಬೇಡ.

ಹಳೆಯ ಚಿತ್ರದ ಹೊಸ ನಾಣ್ಯಗಳ ಮೇಲೆ ನನಗೆ ಪ್ರೀತಿ ಬಂದದ್ದು ಆಮೇಲೆಯೇ. ಮೂಲ ನಾಣ್ಯವನ್ನು ಮಕ್ಕಳ ಕೈಗೆ ಕೊಡಲು ಹೆದರಿಕೆ. ಹೊಸದನ್ನು ಧೈರ್ಯವಾಗಿ ಕೊಡಬಹುದು. ಬಿದ್ದರೂ ಪರವಾಗಿಲ್ಲ, ಬೆರಳಿನ ಗುರುತು ಬಿದ್ದರೂ ಪರವಾಗಿಲ್ಲ.

ಇದೇ ಜಾತಿಯಲ್ಲಿ ಒಂದು ಕೆಟ್ಟ ನೆಂಟನೂ ಇದ್ದಾನೆ, ಅವನ ಬಗ್ಗೆ ಎಚ್ಚರ ಇರಲಿ. ಒಂದು ಕಡೆ ರಾಮ, ಸೀತೆ, ಹನುಮಂತ, ಇನ್ನೊಂದು ಕಡೆ ಈಸ್ಟ್ ಇಂಡಿಯಾ ಕಂಪನಿ, 1818 ಅಂತ ಬರೆದ ತಾಮ್ರದ ಬಿಲ್ಲೆಗಳನ್ನು ನೀವೆಲ್ಲ ನೋಡಿರುತ್ತೀರಿ. ಲಕ್ಷ ಬೆಲೆ ಅಂತ ಹೇಳಿ ಮಾರುತ್ತಾರೆ. ಕಂಪನಿ ಅಂಥ ನಾಣ್ಯವನ್ನು ಯಾವತ್ತೂ ಹೊರಡಿಸಿರಲಿಲ್ಲ. ಅವು ಆಮೇಲೆ ಯಾರೋ ಮಾಡಿಸಿದ ಬಿಲ್ಲೆಗಳು. ದೇವರ ಪಟದ ಮುಂದೆ ಇಟ್ಟು ಪೂಜೆ ಮಾಡಿದರೆ ಯಾರ ತಕರಾರೂ ಇಲ್ಲ, ದುಡ್ಡು ಮಾತ್ರ ಕೊಡಬೇಡಿ. ಹಳೆಯ ನಾಣ್ಯ ಕೊಳ್ಳುತ್ತೇವೆ ಅಂತ ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಫೋನ್ ಮಾಡುವವರ ಬಗ್ಗೆ 2021ರಲ್ಲಿ ಬ್ಯಾಂಕೇ ಎಚ್ಚರಿಕೆ ಕೊಟ್ಟಿದೆ. ಒಳ್ಳೆಯ ಸ್ಮರಣಾರ್ಥ ನಾಣ್ಯ ತನ್ನ ಇಸವಿಯನ್ನು ಮುಚ್ಚಿಡುವುದಿಲ್ಲ. 2009 ಅಂದರೆ 2009. ನಾನು ಹೊಸದು, ನನ್ನ ಚಿತ್ರ ಹಳೆಯದು ಅಂತ ಎದುರಿಗೇ ಹೇಳುತ್ತದೆ.

ಕೊನೆಯದಾಗಿ ನನ್ನದೊಂದು ಆಸೆ. ನಮ್ಮ ದೇಶ 1964ರಲ್ಲಿ ನೆಹರೂ ಅವರ ನೆನಪಿಗೆ ನಾಣ್ಯ ತಂದಲ್ಲಿಂದ ಎಷ್ಟೋ ಸ್ಮರಣಾರ್ಥ ನಾಣ್ಯಗಳು ಬಂದಿವೆ. 2006ರಲ್ಲಿ ಬಸವೇಶ್ವರರ ನಾಣ್ಯವೂ ಬಂತು. ಆದರೆ ಹೆಚ್ಚಿನವು ಮುಖಚಿತ್ರ, ಕಟ್ಟಡ, ಲಾಂಛನ. ನಮ್ಮದೇ ಹಳೆಯ ನಾಣ್ಯಗಳ ಚಿತ್ರವನ್ನು ಯಾಕೆ ತರಬಾರದು? ಅಚ್ಯುತರಾಯನ ನಾಣ್ಯದ ಗಂಡಭೇರುಂಡ ಇದೆ, ಕೊಕ್ಕಿನಲ್ಲಿ, ಉಗುರಿನಲ್ಲಿ ಆನೆಗಳನ್ನು ಹಿಡಿದದ್ದು. ಇನ್ನು ಹಿಂದೆ ನಮ್ಮ ಕರಾವಳಿಯನ್ನು ಆಳಿದ ಆಳುಪರು. ಮಂಗಳೂರು, ಉದ್ಯಾವರ, ಬಾರಕೂರು ಅವರ ರಾಜಧಾನಿಗಳು. ಅವರ ನಾಣ್ಯದ ಮೇಲೆ ಜೋಡಿ ಮೀನು. 'ಶ್ರೀ ಪಾಂಡ್ಯ ಧನಂಜಯ' ಎಂಬ ಬರಹ, ಕೆಲವದರಲ್ಲಿ ನಾಗರಿಯಲ್ಲಿ, ಕೆಲವದರಲ್ಲಿ ಹಳಗನ್ನಡದಲ್ಲಿ. ಮದುರೆಯ ಪಾಂಡ್ಯರ ಲಾಂಛನವೂ ಮೀನೇ. ಆದರೆ ಮೀನು ನಮ್ಮ ಕಡಲಿನದ್ದಲ್ಲ ಅಂತ ಮಲ್ಪೆಯಲ್ಲಿ ನಿಂತು ಹೇಳುವವರು ಯಾರು? ಬಾರಕೂರಿನ ಗದ್ಯಾಣ ಎಂಬ ಚಿನ್ನದ ನಾಣ್ಯದ ಹೆಸರು ಶಾಸನಗಳಲ್ಲಿ ಸಿಗುತ್ತದೆ. ಅಂದರೆ ಇಲ್ಲಿಂದ ಇಪ್ಪತ್ತು ಕಿಲೋಮೀಟರಿನ ಒಳಗೆ ಒಂದು ಟಂಕಸಾಲೆ ಇತ್ತು! ನಮ್ಮ ಮಕ್ಕಳು ಎಷ್ಟು ಜನರಿಗೆ ಅದು ಗೊತ್ತು? ಉಡುಪಿಯಲ್ಲೇ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲಿ ನಾಣ್ಯ ಸಂಗ್ರಹಾಲಯ ಉಂಟು. ಸುಮ್ನೆ ಒಂದು ಸಂಜೆ ಮಕ್ಕಳನ್ನು ಕರೆದುಕೊಂಡು ಹೋಗಿ ಬನ್ನಿ.

ಮಾತು ಮುಗಿದ ಮೇಲೆ ನಾಣ್ಯಗಳನ್ನು ಒಂದು ಬಿಳಿ ಬಟ್ಟೆಯ ಮೇಲೆ ಹರಡಿದೆ. ಅಜ್ಜಿಯ ಪವನಿನ ಇಸವಿ 1918. ಕುದುರೆಯ ಕಾಲಡಿಯ ಅಕ್ಷರ ಹುಡುಕಲಿಕ್ಕೆ ಭೂತಕನ್ನಡಿಗೆ ಸಾಲು ನಿಂತಿತು. ಎಂಟನೇ ಕ್ಲಾಸಿನ ಒಬ್ಬಳು ಹುಡುಗಿ ಅದನ್ನು ಕಂಡುಹಿಡಿದು, ಕೈಯಲ್ಲೇ ಇಟ್ಟುಕೊಂಡು ಕೇಳಿದಳು: "ಆಂಟಿ, ಮೀನಿನ ನಾಣ್ಯ ಮಾಡಿದ್ರೆ ಅದರಲ್ಲಿ ನೀವು ಏನು ಬದಲು ಮಾಡ್ತೀರಿ?"

ನಾನು ಅದನ್ನು ಯೋಚಿಸಿರಲಿಲ್ಲ. ಸ್ವಲ್ಪ ಹೊತ್ತು ಬೇಕಾಯಿತು. ಮೀನು ಮುಟ್ಟುವುದಿಲ್ಲ, ಬರಹ ಹಳಗನ್ನಡದ್ದೇ ಇರಲಿ ಅಂದೆ. ಹಿಂಬದಿಯಲ್ಲಿ ಬಾರಕೂರಿನ ಕತ್ತಲೆ ಬಸದಿಯ ಕಲ್ಲಿನ ಮಾಡು ಬರಬಹುದು. ಇಸವಿ ನಮ್ಮ ಕಾಲದ್ದು, ಕನ್ನಡ ಅಂಕಿಯಲ್ಲಿ. ಅಳತೆಯ ಬಗ್ಗೆ ಮಾತ್ರ ನನಗೆ ಸಂಶಯ ಇರಲಿಲ್ಲ. 2023ರಲ್ಲಿ ಹೊಸ ಸಂಸತ್ ಭವನದ ನೆನಪಿಗೆ ಬಂದ 75 ರೂಪಾಯಿ ನಾಣ್ಯ 44 ಮಿ.ಮೀ. ಅಗಲ, 35 ಗ್ರಾಂ ತೂಕ. ಅಂಗೈ ತುಂಬುತ್ತದೆ. ಮೀನಿನದ್ದು ಅಷ್ಟು ದೊಡ್ಡದು ಬೇಡ. ಹಳೆಯ ವರಹಗಳು ಎಷ್ಟಿದ್ದವೋ ಅಷ್ಟೇ ಇರಲಿ.

"ಎಷ್ಟಿದ್ದವು?" ಅಂದಳು.

"ನಿನ್ನ ಹೆಬ್ಬೆರಳಿನ ಉಗುರಿನಷ್ಟು" ಅಂದೆ. ಅವಳು ಪವನನ್ನು ಬಟ್ಟೆಯ ಮೇಲೆ ಇಟ್ಟು, ಹೆಬ್ಬೆರಳನ್ನು ಭೂತಕನ್ನಡಿಯ ಕೆಳಗೆ ಹಿಡಿದಳು.